ಕಲ್ಲಿನ ವಯಸ್ಸು, ಗುಳಿಯ ವಯಸ್ಸು

ಅಳಗುಳಿ ಮಣೆಯ ಬಗ್ಗೆ, ಅದರ ದೇಶವಿದೇಶದ ಬಂಧುಗಳ ಬಗ್ಗೆ ಯಾರೇ ಬರೆಯಲಿ, ಮೊದಲ ಪ್ಯಾರಾ ಮುಗಿಯುವುದರೊಳಗೆ ಈಜಿಪ್ಟು ಬಂದೇ ಬರುತ್ತದೆ. ಸಾಲು ಗುಳಿಗಳಲ್ಲಿ ಬೀಜ ಬಿತ್ತುತ್ತ ಹೋಗುವ ಈ ಆಟ ಮೂರೂವರೆ ಸಾವಿರ ವರ್ಷ ಹಳೆಯದು, ಫೇರೋಗಳ ಕಾಲದ ದೇವಾಲಯದ ಕಲ್ಲಿನಲ್ಲಿ ಅದರ ಗುಳಿಗಳು ಇಂದಿಗೂ ಇವೆ ಎಂಬ ಮಾತು ಮೊಬೈಲ್ ಆಟಗಳ ಪರಿಚಯದಿಂದ ಹಿಡಿದು ಗಂಭೀರ ಪುಸ್ತಕಗಳವರೆಗೆ ಹಬ್ಬಿದೆ. ಮಾತಿನ ಬೇರು ಹಿಡಿದು ಹಿಂದೆ ಹೋದರೆ ಒಂದು ಪುಸ್ತಕ ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ದಾರಿ ಮುಗಿಯುವುದು 1909ರಲ್ಲಿ ಅಚ್ಚಾದ ‘ಏನ್ಶಿಯಂಟ್ ಸಿಲೋನ್’ ಎಂಬ ದಪ್ಪ ಗ್ರಂಥದಲ್ಲಿ. ಅಂದರೆ ಈಜಿಪ್ಟಿನ ಸಾಕ್ಷ್ಯವನ್ನು ಜಗತ್ತು ನಂಬಿಕೊಂಡಿರುವುದು ಶ್ರೀಲಂಕಾದ ಕುರಿತ ಪುಸ್ತಕವೊಂದರ ಕೆಲವು ಪುಟಗಳ ಭರವಸೆಯ ಮೇಲೆ!

ಗ್ರಂಥಕರ್ತ ಹೆನ್ರಿ ಪಾರ್ಕರ್ ಸಿಲೋನಿನ ನೀರಾವರಿ ಇಲಾಖೆಯಲ್ಲಿ ದುಡಿದವರು. ಅಲ್ಲಿನ ಪ್ರಾಚೀನ ಕೆರೆಗಳ ಬಗ್ಗೆ ಅವರು ಬರೆದದ್ದನ್ನು ಇಂದಿಗೂ ಗೌರವದಿಂದ ಓದಬಹುದು. ಸಿಂಹಳ ಹೆಂಗಸರು ಗುಲಗಂಜಿ ಹಾಕಿ ಆಡುವ ‘ಓಲಿಂದ’ ಆಟದ ಹಲವು ಬಗೆಗಳ ನಿಯಮಗಳನ್ನು ಅವರು ಬಿಡಿಬಿಡಿಯಾಗಿ ದಾಖಲಿಸಿದ್ದಾರೆ. ಕಂಡದ್ದನ್ನು ಬರೆಯುವಾಗ ಪಾರ್ಕರ್ ಪ್ರಾಮಾಣಿಕರು. ತೊಂದರೆ ಶುರುವಾಗುವುದು ಆಟದ ಮೂಲ ಹುಡುಕುತ್ತ ನೈಲ್ ನದಿಯ ದಡಕ್ಕೆ ಹೋದಾಗ. ಥೀಬ್ಸ್‌ನ ಪಶ್ಚಿಮ ದಡದಲ್ಲಿರುವ ಕುರ್ನಾ ದೇವಾಲಯದ ಮಾಳಿಗೆಯ ಚಪ್ಪಡಿಗಳ ಮೇಲೆ, ಕಾರ್ನಾಕ್ ಮತ್ತು ಲಕ್ಸಾರ್‌ಗಳಲ್ಲಿ, ಆಟದ ಮನೆಗಳೂ ಗುಳಿಸಾಲುಗಳೂ ಇವೆ. ದೇವಾಲಯ ಇಂಥ ಕಾಲದ್ದು. ಆದ್ದರಿಂದ ಆಟವೂ ಆ ಕಾಲದ್ದು. ಈ ‘ಆದ್ದರಿಂದ’ವನ್ನು ನೂರು ವರ್ಷಗಳಲ್ಲಿ ತಡೆದು ಕೇಳಿದವರು ಬಹಳ ಕಡಿಮೆ.

ತಡೆಯಬಹುದಾಗಿದ್ದವರು ಎಚ್.ಜೆ.ಆರ್. ಮರ್ರೆ. ಚದುರಂಗದ ಇತಿಹಾಸಕ್ಕೆ ಅವರಷ್ಟು ದುಡಿದವರು ಇನ್ನೊಬ್ಬರಿಲ್ಲ. ಆದರೆ ಚದುರಂಗವನ್ನು ಬಿಟ್ಟು ಉಳಿದ ಮಣೆಯಾಟಗಳ ಬಗ್ಗೆ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಪಾರ್ಕರ್ ಮಾತನ್ನು ಹೆಚ್ಚು ತಕರಾರಿಲ್ಲದೆ ಒಳಗೆ ಬಿಟ್ಟುಕೊಂಡರು. ಮರ್ರೆ ಒಪ್ಪಿದ ಮೇಲೆ ಬೇರೆಯವರಿಗೆ ಕೇಳುವ ಗರಜೇನು? 1960ರಲ್ಲಿ ಆರ್.ಸಿ. ಬೆಲ್ ತಮ್ಮ ಜನಪ್ರಿಯ ಪುಸ್ತಕದಲ್ಲಿ ಕುರ್ನಾದ ಗೆರೆಯಾಟಗಳಿಗೆ, ಮುಖ್ಯವಾಗಿ ನಮ್ಮ ಸಾಲುಮನೆ ಆಟದ ಹಾಸಿಗೆ, ಕ್ರಿಸ್ತಪೂರ್ವ ಸುಮಾರು 1400 ಎಂಬ ದುಂಡು ಸಂಖ್ಯೆ ಕೊಟ್ಟರು. ಅದೇ ಮಾಳಿಗೆಯ ಗುಳಿಸಾಲುಗಳಿಗೂ ಆ ಸಂಖ್ಯೆ ಅಂಟಿಕೊಂಡಿತು.

ಕುರ್ನಾ ಒಂದನೆಯ ಸೇಟಿಯ ದೇವಾಲಯ. ಅವನು ಆಳಿದ್ದು ಕ್ರಿಸ್ತಪೂರ್ವ ಸುಮಾರು 1290ರಿಂದ 1279ರವರೆಗೆ. ಉಳಿದ ಕೆಲಸ ಮುಗಿಸಿದವನು ಮಗ ಎರಡನೆಯ ರಾಮ್ಸೆಸ್. ಎಂದರೆ 1400 ಎಂಬ ಇಸವಿ ಅದನ್ನು ಕಟ್ಟಿಸಿದವನು ಪಟ್ಟಕ್ಕೆ ಬರುವುದಕ್ಕಿಂತ ನೂರು ವರ್ಷ ಮೊದಲಿನದು! ಪಾರ್ಕರ್ ಕಾಲದಲ್ಲಿ ಈಜಿಪ್ಟಿನ ರಾಜರ ಕಾಲಗಣನೆ ಇನ್ನೂ ಗಟ್ಟಿಯಾಗಿರಲಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ. 1960ರ ನಂತರ ಅದನ್ನೇ ನಕಲು ಮಾಡಿದವರಿಗೆ ಆ ರಿಯಾಯಿತಿ ಸಲ್ಲದು.

ಇಸವಿಯನ್ನು ತಿದ್ದಿದರೂ ಮೂಲ ಪ್ರಶ್ನೆ ಹಾಗೇ ಇರುತ್ತದೆ. ಫೇರೋ ಪಕ್ಷದವರ ಬಲವಾದ ವಾದ ಇದು: ದೇವರ ಮನೆಯ ಮಾಳಿಗೆ ಹತ್ತಿ ಆಟ ಕೊರೆಯಲು ಯಾರನ್ನು ಬಿಡುತ್ತಿದ್ದರು? ಚಪ್ಪಡಿಗಳು ಇನ್ನೂ ನೆಲದಲ್ಲಿದ್ದಾಗ, ಮಧ್ಯಾಹ್ನದ ಬಿಡುವಿನಲ್ಲಿ ಕಲ್ಲುಕುಟಿಗರು ಕೊರೆದಿರಬೇಕು. ಆಮೇಲೆ ಅವು ಮೇಲೇರಿದವು. ಕೇಳಲು ಚೆನ್ನಾಗಿದೆ. ಆದರೆ ದೇವಾಲಯ ಪೂಜೆ ನಿಂತ ಮೇಲೆಯೂ ಅಲ್ಲೇ ಇತ್ತು ಎಂಬುದನ್ನು ಈ ವಾದ ಮರೆಯುತ್ತದೆ. ಫ್ರೀಡ್ರಿಖ್ ಬರ್ಗರ್ ಕುರ್ನಾದ ರೇಖೆಗಳನ್ನು ಮತ್ತೆ ಪರಿಶೀಲಿಸಿ, ಅವುಗಳ ನಡುವೆ ಕಾಪ್ಟಿಕ್ ಶಿಲುಬೆಗಳೂ ಇರುವುದನ್ನು ಎತ್ತಿ ತೋರಿಸಿದರು. ಈಜಿಪ್ಟಿನ ಕ್ರೈಸ್ತರು ಶಿಲುಬೆ ಕೊರೆಯಲು ಸೇಟಿಯ ಕಾಲಕ್ಕೆ ಹೋಗಿರಲಾರರು. ಶಿಲುಬೆ ಕೊರೆದ ಕೈಗೆ ಗುಳಿ ಕೊರೆಯಲು ಯಾವ ಅಡ್ಡಿ ಇತ್ತು? ಎಲ್ಲ ಗುರುತುಗಳೂ ಕ್ರೈಸ್ತರವೇ ಎಂದು ಇದರಿಂದ ಸಾಧಿತವಾಗುವುದಿಲ್ಲ. ಆದರೆ ಸಾಬೀತುಪಡಿಸುವ ಹೊಣೆ ಫೇರೋ ಪಕ್ಷದ ಹೆಗಲಿಗೆ ಹೋಗುತ್ತದೆ, ಮತ್ತು ಅದನ್ನು ಅವರು ಈವರೆಗೆ ಇಳಿಸಿಲ್ಲ.

ವಿಚಿತ್ರವೆಂದರೆ, ಈ ವಾದವನ್ನು ಹುಟ್ಟುವ ಮೊದಲೇ ಮುಗಿಸಬಹುದಾಗಿದ್ದ ಆಧಾರವೊಂದು ಪಾರ್ಕರ್ ಲೇಖನಿ ಹಿಡಿಯುವ ಎಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು. ಎಡ್ವರ್ಡ್ ಲೇನ್ 1820 ಮತ್ತು 1830ರ ದಶಕಗಳಲ್ಲಿ ಕೈರೋದಲ್ಲಿ ಅರಬ್ಬರ ವೇಷ ತೊಟ್ಟು, ಅವರ ಭಾಷೆ ಆಡುತ್ತ ಬದುಕಿದವರು. ಅವರ ‘ಮ್ಯಾನರ್ಸ್ ಅಂಡ್ ಕಸ್ಟಮ್ಸ್ ಆಫ್ ದಿ ಮಾಡರ್ನ್ ಈಜಿಪ್ಷಿಯನ್ಸ್’ 1836ರಲ್ಲಿ ಹೊರಬಂತು. ಆಟಗಳ ಅಧ್ಯಾಯದಲ್ಲಿ ಈ ಬಿತ್ತುವ ಆಟದ, ಅಂದರೆ ಮಂಕಲಾದ, ಪೂರ್ಣ ವಿವರಣೆ ಇದೆ: ಆರಾರರ ಎರಡು ಸಾಲು, ಹನ್ನೆರಡು ಗುಳಿ, ಎಪ್ಪತ್ತೆರಡು ಕವಡೆ ಅಥವಾ ಹರಳು. ಎರಡು ಬಗೆಯ ಆಟ, ಒಂದು ದಡ್ಡರದು, ಇನ್ನೊಂದು ಜಾಣರದು. ಅಷ್ಟೊಂದು ನಿಖರವಾದ ವರ್ಣನೆಯನ್ನು ಮಂಕಲಾ ಚರಿತ್ರಕಾರರು ಎಲ್ಲರೂ ಉದ್ಧರಿಸುತ್ತಾರೆ. ಉದ್ಧರಿಸಿ ಪುಸ್ತಕ ಮುಚ್ಚುತ್ತಾರೆ.

ಅದೇ ಅಧ್ಯಾಯದಲ್ಲಿ ‘ಸೀಗಾ’ ಎಂಬ ಇನ್ನೊಂದು ಆಟದ ವಿವರವಿದೆ. ಐದೈದು, ಏಳೇಳು ಅಥವಾ ಒಂಬತ್ತೊಂಬತ್ತು ಗುಳಿಗಳ ಚೌಕ. ರೈತರು ನೆಲದಲ್ಲೇ ಗುಳಿ ತೋಡಿ ಆಡುವಂಥದು. ಇದು ಬಿತ್ತುವ ಆಟವಲ್ಲ, ಎದುರಾಳಿಯ ಕಾಯಿಯನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಆಟ. ಹಾಗಾಗಿ ಮಂಕಲಾ ಚರಿತ್ರಕಾರರಿಗೆ ಅದು ಬೇಡವಾಗಿದೆ. ಆದರೆ ಲೇನ್ ಅಲ್ಲೇ ಒಂದು ಮಾತು ಸೇರಿಸುತ್ತಾರೆ: ಮಹಾ ಪಿರಮಿಡ್ಡಿನ ನೆತ್ತಿಯ ಕಲ್ಲುಗಳ ಮೇಲೂ ಸೀಗಾ ಮನೆಗಳಿವೆ, ಪ್ರವಾಸಿಗಳನ್ನು ಮೇಲೆ ಹತ್ತಿಸುವ ಅರಬ್ ಮಾರ್ಗದರ್ಶಿಗಳು ಅವನ್ನು ಕೊರೆದದ್ದು.

ಇಡೀ ವಿವಾದದ ಕೀಲಿ ಈ ಮಾತಿನಲ್ಲಿದೆ. ಪಿರಮಿಡ್ಡಿನ ಕಲ್ಲಿಗೆ ನಾಲ್ಕೂವರೆ ಸಾವಿರ ವರ್ಷ. ಅದರ ಮೇಲಿನ ಆಟದ ಮನೆಗೆ ಲೇನ್ ಕಂಡಾಗ ಬಹುಶಃ ಹತ್ತಿಪ್ಪತ್ತು ವರ್ಷ. ಲೇನ್ ಅದನ್ನು ಬರೆದಿಡದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಯಾರಾದರೊಬ್ಬ ಪಾರ್ಕರ್ ಮೇಲೆ ಹತ್ತಿ, ಚೌಕದ ಗುಳಿಗಳನ್ನು ಎಣಿಸಿ, ಸೀಗಾ ಆ ಪಿರಮಿಡ್ಡನ್ನು ಕಟ್ಟಿಸಿದ ಖುಫುವಿನ ಕಾಲದ ಆಟವೆಂದು ಬರೆಯುತ್ತಿದ್ದರು. ‘ದೇವಾಲಯದ ಮಾಳಿಗೆಗೆ ಯಾರು ಬಿಡುತ್ತಿದ್ದರು’ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಪಿರಮಿಡ್ಡಿನ ನೆತ್ತಿಗಿಂತ ಕುರ್ನಾದ ಮಾಳಿಗೆ ಹತ್ತುವುದು ಕಠಿಣವೇನಲ್ಲ. ಪಾಳುಬಿದ್ದ ಕಟ್ಟಡದಲ್ಲಿ ನೆರಳಿದೆ, ಚಪ್ಪಟೆ ಕಲ್ಲಿದೆ, ಹೊತ್ತು ಕಳೆಯಬೇಕಾದ ಕಾವಲುಗಾರ, ಕುರುಬ, ಮಾರ್ಗದರ್ಶಿ ಇದ್ದಾರೆ.

ಸಿರಿಯಾದ ಪಾಲ್ಮೈರಾದಲ್ಲಿ ಇದೇ ಪ್ರಶ್ನೆಯನ್ನು ಅಲೆಕ್ಸ್ ಡಿ ವೂಗ್ಟ್ ಕೈಗೆತ್ತಿಕೊಂಡರು. 2010ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬಂದ ಅವರ ಲೇಖನ ಈ ಕ್ಷೇತ್ರದಲ್ಲಿ ಕೆಲಸ ಹೇಗೆ ಮಾಡಬೇಕೆಂಬುದಕ್ಕೆ ಮಾದರಿ. ಅಲ್ಲಿನ ಬೇಲ್ ದೇವರ ಗುಡಿ ಕ್ರಿಸ್ತಶಕ 32ರಲ್ಲಿ ಪ್ರತಿಷ್ಠೆಯಾದದ್ದು ಎಂದ ಮಾತ್ರಕ್ಕೆ ಆ ಊರಿನ ಗುಳಿಗಳನ್ನೆಲ್ಲ ರೋಮನ್ನರ ಲೆಕ್ಕಕ್ಕೆ ಬರೆಯಲು ಅವರು ಒಪ್ಪಲಿಲ್ಲ. ಗುಳಿಗಳು ಎಲ್ಲಿವೆ, ಎದುರುಬದುರು ಇಬ್ಬರು ಕೂರಲು ಅಲ್ಲಿ ಜಾಗವಿದೆಯೆ, ಬಿದ್ದ ಕಂಬದ ಮೇಲಿವೆಯೆ ನಿಂತ ಕಂಬದ ಬುಡದಲ್ಲಿವೆಯೆ ಎಂದು ನೋಡಬೇಕಾದ್ದು ಹೀಗೆ. ಇಳಿಜಾರು ಕಲ್ಲಿನ ಗುಳಿಯಲ್ಲಿ ಬೀಜ ನಿಲ್ಲದು. ಬೆರಳು ತೂರದಷ್ಟು ಕಿರಿದಾದ ಗುಳಿಯಿಂದ ಹಿಡಿ ಕಾಯಿ ಎತ್ತಲಾಗದು. ಬಿದ್ದ ಕಲ್ಲಿನ ಮೇಲ್ಮುಖಕ್ಕೆ ಕೊರೆದ ಗುಳಿ ಕಲ್ಲು ಬಿದ್ದ ನಂತರದ್ದಲ್ಲದೆ ಇನ್ನೇನು? ಇಷ್ಟು ಸರಳ ಪರೀಕ್ಷೆಗಳನ್ನು ಕುರ್ನಾದ ಮೇಲೆ ನಡೆಸದೆಯೇ ನಾಲ್ಕೈದು ತಲೆಮಾರಿನ ವಿದ್ವಾಂಸರು ಇಸವಿ ಹಂಚಿಕೊಂಡು ಕೂತರು.

ಪ್ರಾಚೀನ ಈಜಿಪ್ಟಿನವರ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಟದ ವಿಷಯದಲ್ಲಿ ಅವರು ಮೌನಿಗಳಲ್ಲ. ಸೆನೆಟ್ ಮಣೆಯ ಮುಂದೆ ಕೂತ ರಾಣಿ ನೆಫರ್ತಾರಿಯ ಚಿತ್ರ ಅವಳ ಗೋರಿಯ ಗೋಡೆಯಲ್ಲಿದೆ. ತುತಾಂಖಾಮುನ್‌ನ ಗೋರಿಯಲ್ಲಿ ಒಂದಲ್ಲ, ಹಲವು ಸೆನೆಟ್ ಮಣೆಗಳು ಸಿಕ್ಕವು. ಸುರುಳಿ ಹಾವಿನಾಕಾರದ ಮೆಹೆನ್, ಐವತ್ತೆಂಟು ತೂತುಗಳ ಓಟದಾಟ, ಎಲ್ಲಕ್ಕೂ ಮಣೆಗಳು ಉಳಿದಿವೆ. ಬೀಜ ಬಿತ್ತುವ ಕೈ ಮಾತ್ರ ಒಂದು ಚಿತ್ರದಲ್ಲೂ ಇಲ್ಲ. ಇದಕ್ಕೊಂದು ನ್ಯಾಯವಾದ ಆಕ್ಷೇಪವುಂಟು: ಗೋರಿಗಳು ಶ್ರೀಮಂತರವು, ಮಣ್ಣಿನಲ್ಲಿ ಗುಳಿ ತೋಡಿ ಆಡಿದ ಬಡವರ ಆಟಕ್ಕೆ ಅಲ್ಲಿ ಜಾಗವೆಲ್ಲಿ? ಒಪ್ಪಬೇಕಾದ ಮಾತೇ. ಆದರೆ ಆಟ ಇದ್ದಿರಬಹುದು ಎನ್ನುವುದಕ್ಕೂ ಇತ್ತು ಎನ್ನುವುದಕ್ಕೂ ನಡುವಿನ ದೂರವನ್ನು ಬಡವರ ಹೆಸರು ಹೇಳಿ ದಾಟಲಾಗದು.

ಕಲ್ಲು ಬಿಟ್ಟು ಬರಹಕ್ಕೆ ಬಂದರೂ ಇದೇ ಬಲೆ ಕಾದಿರುತ್ತದೆ. ಶಿಯಾ ಪರಂಪರೆಯ ಹದೀಸುಗಳಲ್ಲಿ ನಿಷಿದ್ಧ ಆಟಗಳ ಸಾಲಿನಲ್ಲಿ ಪಗಡೆಯ ಬಂಧುವಾದ ನರ್ದ್, ಚದುರಂಗ, ಅವುಗಳ ಜೊತೆಗೆ ‘ಹದಿನಾಲ್ಕು’ ಎಂಬ ಆಟ ಬರುತ್ತದೆ. 941ರಲ್ಲಿ ತೀರಿಕೊಂಡ ಕುಲೈನಿಯವರ ‘ಅಲ್-ಕಾಫಿ’ಯಲ್ಲಿ ಅದರ ಹೆಸರಿದೆ, ವಿವರವಿಲ್ಲ. ವಿವರ ಸಿಗುವುದು ಹದಿನೇಳನೆಯ ಶತಮಾನದ ಫಖ್ರುದ್ದೀನ್ ತುರೈಹಿಯವರ ‘ಮಜ್ಮಉಲ್ ಬಹ್ರೈನ್’ ಎಂಬ ನಿಘಂಟಿನಲ್ಲಿ: ಎರಡು ಸಾಲು ಗುಳಿ, ಸಾಲಿಗೆ ಏಳು, ಅದರಲ್ಲಿ ಏನನ್ನೋ ಇಟ್ಟು ಆಡುವುದು. ಇದು ನಮ್ಮ ಅಳಗುಳಿ ಮಣೆಯ, ಅಂದರೆ ತುಳುನಾಡಿನ ಚೆನ್ನೆಮಣೆಯದೇ ವಿನ್ಯಾಸ! ಆಟದ ಚರಿತ್ರಕಾರರು ಇನ್ನೂ ಸರಿಯಾಗಿ ಬಳಸಿಕೊಳ್ಳದ ಈ ಅರ್ಥವಿವರಣೆ ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಅದು ಸಾಕ್ಷಿ ನುಡಿಯುವುದು ತುರೈಹಿಯವರ ಕಾಲಕ್ಕೆ. ಏಳು ಶತಮಾನ ಹಿಂದಿನ ಹೆಸರಿಗೂ ಅದೇ ಆಟವಿತ್ತೆಂದು ಹೇಳಿದರೆ, ಪಾರ್ಕರ್ ಕಲ್ಲಿನಲ್ಲಿ ಮಾಡಿದ್ದನ್ನೇ ಕಾಗದದ ಮೇಲೆ ಮಾಡಿದಂತಾಗುತ್ತದೆ.

ಜೋರ್ಡಾನಿನ ನವಶಿಲಾಯುಗದ ನೆಲೆಗಳಾದ ಐನ್ ಗಜಾಲ್ ಮತ್ತು ಬೈದಾದ ಗುಳಿಗಲ್ಲುಗಳ ವಿಚಾರ ಸ್ವಲ್ಪ ಬೇರೆ. ಅವು ಉತ್ಖನನದ ಪದರಗಳಲ್ಲಿ ಸಿಕ್ಕಿವೆ, ಕಾಲದ ಬಗ್ಗೆ ಜಗಳವಿಲ್ಲ. 1992ರಲ್ಲಿ ಗ್ಯಾರಿ ರೋಲೆಫ್ಸನ್ ಐನ್ ಗಜಾಲಿನ ಕಲ್ಲನ್ನು ಆಟದ ಮಣೆ ಎಂದು ಕರೆದರು. ಬೆಂಕಿ ಕಡೆಯುವ ಕಲ್ಲಾಗಿರಬಹುದಲ್ಲವೆ ಎಂದು ಬೇರೆಯವರು ಕೇಳಿದರು. ಅಲ್ಲಿ ಕಾಲ ಗೊತ್ತು, ಉಪಯೋಗ ಗೊತ್ತಿಲ್ಲ. ಕುರ್ನಾದಲ್ಲಿ ಉಪಯೋಗ ಹೆಚ್ಚುಕಡಿಮೆ ಗೊತ್ತು, ಕಾಲ ಗೊತ್ತಿಲ್ಲ. ಎರಡನ್ನೂ ಸೇರಿಸಿ ‘ಎಂಟು ಸಾವಿರ ವರ್ಷದ ಪರಂಪರೆ’ ಎಂದು ಹೊಲಿಯುವವರ ಧೈರ್ಯ ಮೆಚ್ಚಬೇಕು. (ಪುರಾತನ ಈಜಿಪ್ಟಿನ ಆಟವೆಂದು ಫೋನಿನಲ್ಲಿ ಇಳಿಸಿಕೊಳ್ಳುವ ಮಂಕಲಾದ ನಿಯಮಗಳು ಬಹುಪಾಲು ‘ಕಲಾಹ್’ ಆಟದವು. ಅದನ್ನು ರೂಪಿಸಿದವರು ಅಮೆರಿಕದ ವಿಲಿಯಂ ಜೂಲಿಯಸ್ ಚಾಂಪಿಯನ್, ಇಸವಿ 1940.)

ಕನ್ನಡ ನಾಡಿನ ಕಡೆ ತಿರುಗಿದರೆ ಆಧಾರಗಳ ಸ್ವರೂಪವೇ ಬದಲಾಗುತ್ತದೆ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರು ಚೆನ್ನೆ ಆಡುತ್ತಾರೆ. ಆಟದ ಮಾತು ಜಗಳಕ್ಕೆ ತಿರುಗಿ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಬೀಳುತ್ತಾಳೆ. ಪೀಟರ್ ಕ್ಲಾಸ್ 1986ರಲ್ಲಿ ಚೆನ್ನೆಯ ಪುರಾಣ ಮತ್ತು ಆರಾಧನೆಯ ಬಗ್ಗೆ ಬರೆದ ಪ್ರಬಂಧ ಈ ಕಥೆಯ ಸುತ್ತಲೇ ಇದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದರು. ಬಾಯಿಂದ ಬಾಯಿಗೆ ಬಂದ ಪಾಡ್ದನಕ್ಕೆ ಇಸವಿ ಕಟ್ಟಲಾಗದು, ನಿಜ. ಆದರೆ ಯಾರು ಆಡುತ್ತಿದ್ದರು, ಯಾವ ಮಣೆಯಲ್ಲಿ, ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದೆಂಬ ಭಯ ಎಲ್ಲಿಂದ ಬಂತು ಎಂಬುದನ್ನೆಲ್ಲ ಅದು ಹೇಳುತ್ತದೆ. ಕುರ್ನಾದ ಇಡೀ ಮಾಳಿಗೆ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ಆದರೂ ವಿಶ್ವಕೋಶಗಳಲ್ಲಿ ಕುರ್ನಾಕ್ಕೆ ಮೊದಲ ಸಾಲು, ಸಿರಿಗೆ ಬಹುತೇಕ ಜಾಗವೇ ಇಲ್ಲ.

ನಮ್ಮಲ್ಲೂ ಕುರ್ನಾ ಇದೆ, ಅದು ಹಂಪಿ. ಅಲ್ಲಿನ ಮಂಟಪಗಳ ಜಗಲಿ, ಹಾಸುಬಂಡೆ, ಬಾಗಿಲುವಾಡಗಳ ಮೇಲೆ ಕೊರೆದ ಆಟದ ಮನೆಗಳ ಬಗ್ಗೆ ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಬರೆದ ಪ್ರಾಥಮಿಕ ವರದಿ 2007ರಲ್ಲಿ, ಇರ್ವಿಂಗ್ ಫಿಂಕೆಲ್ ಸಂಪಾದಿಸಿದ ಸಂಪುಟದಲ್ಲಿ ಬಂತು. ದಶಕಗಳ ಕಾಲ ಹಂಪಿಯನ್ನು ಅಳೆದವರ ಕೆಲಸ ಅದು. ಆದರೆ ಅದನ್ನು ಆಧಾರ ಮಾಡಿಕೊಂಡು ‘ಕೃಷ್ಣದೇವರಾಯನ ಸೈನಿಕರು ಆಡಿದ ಮಣೆಗಳು’ ಎಂದು ಬರೆಯುವುದು ಪಾರ್ಕರ್ ದಾರಿಯೇ. ಹದಿನಾರನೆಯ ಶತಮಾನದ ಹಾಸುಗಲ್ಲಿನ ಮೇಲಿನ ಗುಳಿ ಅದಕ್ಕಿಂತ ಹಳೆಯದಾಗಿರುವ ಸಂಭವ ಕಡಿಮೆ, ಅಷ್ಟೆ. ಹೊಸದಾಗಿರಲು ಅಡ್ಡಿ ಏನೂ ಇಲ್ಲ. ಗುಳಿಸಾಲಿನ ಅರ್ಧ ಕಂಬದ ಪೀಠದಡಿ ಸಿಕ್ಕಿಕೊಂಡ ಚಪ್ಪಡಿ ಎಲ್ಲಾದರೂ ಇದ್ದರೆ ಮಾತ್ರ ಮಣೆ ಕಂಬಕ್ಕಿಂತ ಮೊದಲಿನದು ಎನ್ನಬಹುದು. ಅಂಥದನ್ನು ಹುಡುಕುವ ಕಣ್ಣಿನಿಂದ ಹಂಪಿಯ ಪ್ರತಿ ಗುಳಿಸಾಲನ್ನೂ ನೋಡಬೇಕಿದೆ. 1565ರಲ್ಲಿ ರಾಜಧಾನಿ ಹಾಳಾದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಯಾತ್ರಿಕರು ನಿಲ್ಲಲಿಲ್ಲ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ 2011ರ ತೆರವಿನವರೆಗೂ ಅಂಗಡಿಗಳಿದ್ದವು, ಸಂಸಾರಗಳಿದ್ದವು, ಮಳೆಗಾಲದ ಮಧ್ಯಾಹ್ನಗಳಲ್ಲಿ ಹೊರಗೆ ಹೋಗಲಾಗದ ಮಕ್ಕಳೂ ಇದ್ದರು.