ಮಂದ್ರ ಸುಷಿರ ವಾದ್ಯಗಳು (ಬಂದಳಿಕೆ ಸೀಮೆ ಮತ್ತು ಕರ್ನಾಟಕ)

ಮಂದ್ರ ಸುಷಿರ ವಾದ್ಯಗಳೆಂದರೆ ತೀರ ತಗ್ಗಿನ ಸ್ವರ ಹೊರಡಿಸುವ ಊದುವಾದ್ಯಗಳು. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಕೆಳಗಾಗುತ್ತದೆ. ಕರ್ನಾಟಕದಲ್ಲಿ ಇಂಥ ನಾದ ಬಹುಕಾಲ ಅಧಿಕಾರ ಸಾರುವುದಕ್ಕೂ ಶ್ರುತಿ ಹಿಡಿಯುವುದಕ್ಕೂ ಬಳಕೆಯಾಯಿತು. ಅದರಲ್ಲಿ ರಾಗ ವಿಸ್ತರಿಸುವ ಪರಿಪಾಠ ಗಟ್ಟಿಯಾದದ್ದು 20ನೆಯ ಶತಮಾನದಲ್ಲಿ.

ಶಾಸನಗಳ ಕಾಲ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಶಾಸನಗಳಲ್ಲಿ ಬಂದಣಿಕೆ, ಬಾಂಧವಪುರ ಎಂದು ಕಾಣಿಸಿಕೊಳ್ಳುತ್ತದೆ. ಇದು ಬನವಾಸಿ ನಾಡಿಗೆ ಸೇರಿದ ನಾಗರಖಂಡ-70ರ ಮುಖ್ಯ ಪಟ್ಟಣ. ಈ ಸೀಮೆಯನ್ನು ಆಳಿದ ಮಾಂಡಲಿಕರ ಬಿರುದಾವಳಿ ಸಾಮಾನ್ಯವಾಗಿ ‘ಸಮಧಿಗತ ಪಂಚಮಹಾಶಬ್ದ’ ಎಂದೇ ಶುರುವಾಗುತ್ತದೆ. ಐದು ವಾದ್ಯಗಳನ್ನು ಮುಂದೆ ನುಡಿಸಿಕೊಂಡು ಹೋಗುವ ಹಕ್ಕನ್ನು ಸಾರ್ವಭೌಮನಿಂದ ಪಡೆದವರಿಗೆ ಈ ಬಿರುದು ಸಲ್ಲುತ್ತಿತ್ತು. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಆ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸುತ್ತದೆ. ಅವುಗಳಲ್ಲಿ ಎರಡು, ಅಂದರೆ ಕೊಂಬು ಮತ್ತು ಶಂಖ, ಉಸಿರಿನಿಂದ ನುಡಿಯುವಂಥವು. ಹಾನಗಲ್ಲಿನ ಕದಂಬರಿಗೆ ಇದರ ಜೊತೆಗೆ ‘ಪೆರ್ಮಟ್ಟಿ ತೂರ್ಯ’ದ ಘೋಷವೂ ಬಿರುದಾಗಿತ್ತು.

ಗ್ರಂಥಗಳ ಲೆಕ್ಕ

13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ಬರೆದ ‘ಸಂಗೀತರತ್ನಾಕರ’ ಊದುವ ರಂಧ್ರಕ್ಕೂ ಅದರ ಪಕ್ಕದ ಸ್ವರರಂಧ್ರಕ್ಕೂ ಇರುವ ಅಂತರವನ್ನು ಅಂಗುಲದಲ್ಲಿ ಅಳೆದು ಕೊಳಲುಗಳಿಗೆ ಹೆಸರಿಡುತ್ತದೆ. ಒಂದಂಗುಲದ್ದು ಏಕವೀರ, ಐದರದ್ದು ಪಂಚವಕ್ತ್ರ, ಹನ್ನೆರಡರದ್ದು ಆದಿತ್ಯ. ಅಂತರ ಹೆಚ್ಚಿದಷ್ಟೂ ಕೊಳಲು ಮಂದ್ರಕ್ಕೆ ವಾಲುತ್ತದೆ. ಕಹಳೆಯ ಜಾತಿಯ ವಾದ್ಯಗಳನ್ನೂ ಗ್ರಂಥ ಉದ್ದದ ಮೇಲೆಯೇ ವಿಂಗಡಿಸುತ್ತದೆ.

ಒತ್ತು ಮತ್ತು ಬಾರಿ

ಮದುವೆ, ತೇರುಗಳ ಓಲಗದಲ್ಲಿ ನಾಗಸ್ವರದ ಪಕ್ಕ ನಿಂತು ಒಂದೇ ಸ್ವರ ಹಿಡಿಯುವ ವಾದ್ಯ ಒತ್ತು. ನೋಡಲು ನಾಗಸ್ವರದಂತೆಯೇ ಇದ್ದರೂ ಅದಕ್ಕೆ ಬೆರಳಾಡಿಸುವ ರಂಧ್ರಗಳಿಲ್ಲ. ಕೆಳತುದಿಯಲ್ಲಿರುವ ಕೆಲವು ತೂತುಗಳನ್ನು ಮೇಣದಿಂದ ಮುಚ್ಚಿ, ತೆರೆದು ಶ್ರುತಿ ಕೂಡಿಸುತ್ತಾರೆ. ಒತ್ತು ಹಿಡಿದವನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾನೆ. ನಾದ ಎಲ್ಲಿಯೂ ಕಡಿಯುವುದಿಲ್ಲ. ಮುಂದೆ ಈ ಕೆಲಸವನ್ನು ತಿದಿಯ ಶ್ರುತಿಪೆಟ್ಟಿಗೆ ವಹಿಸಿಕೊಂಡಿತು. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು.

ನಾಗಸ್ವರವೂ ಇದೇ ಶತಮಾನದಲ್ಲಿ ಕೆಳಗಿಳಿಯಿತು. ಹಳೆಯ ತಿಮಿರಿ ಗಿಡ್ಡದು, ಏರುಶ್ರುತಿಯದು, ಬಯಲಿಗೆ ಹೇಳಿಸಿದ್ದು. ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೈ (1898–1956) ನರಸಿಂಗಂಪೇಟೆಯ ಕುಶಲಕರ್ಮಿ ರಂಗನಾಥ ಆಚಾರಿ ಮಾಡಿದ ಉದ್ದನೆಯ ಬಾರಿ ನಾಗಸ್ವರವನ್ನು ಕಛೇರಿಗೆ ತಂದರು. ಅದರ ತಗ್ಗಿನ ಶ್ರುತಿಯಲ್ಲಿ ರಾಗಾಲಾಪನೆಗೆ ಹೆಚ್ಚು ಎಡೆ ಸಿಕ್ಕಿತು. ಹಿಂದೂಸ್ತಾನಿಯಲ್ಲಿ ಪನ್ನಾಲಾಲ್ ಘೋಷ್ (1911–1960) ಉದ್ದ ಬಿದಿರಿನ ಬಾನ್ಸುರಿಯಿಂದ ಇದೇ ಕೆಲಸ ಮಾಡಿದರು.

ಬೆರಳಿನ ಮಿತಿ

ಕೊಳಲು ಉದ್ದವಾದರೆ ರಂಧ್ರಗಳೂ ದೂರ ಸರಿಯುತ್ತವೆ. ಒಂದು ಹಂತದಾಚೆ ಬೆರಳಿಗೆ ಎಟುಕುವುದಿಲ್ಲ. ಪಶ್ಚಿಮದಲ್ಲಿ ಕೀಲಿ, ಕವಾಟಗಳಿಂದ ಈ ತೊಡಕನ್ನು ನೀಗಿಸಿದರು. 1835ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟ್ ಪಡೆದ ಟ್ಯೂಬಾ ಕವಾಟದ ವಾದ್ಯ. ಅದೇ ಕುಲದ ಯುಫೋನಿಯಂ ಇಂದಿಗೂ ನಮ್ಮ ಊರುಗಳ ಬ್ಯಾಂಡ್‌ಸೆಟ್ಟುಗಳಲ್ಲಿ ಹಾಡಿನ ಅಡಿಪಾಯ ಹಿಡಿಯುತ್ತದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥ್ (1949–2019) ನಾಗಸ್ವರದ ಮನೆತನದವರು. ಅವರು ಆ ಕೀಲಿವಾದ್ಯವನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದರು. ಧಾರವಾಡದ ಪ್ರವೀಣ್ ಗೋಡ್ಖಿಂಡಿ ಸುಮಾರು 8 ಅಡಿ ಎತ್ತರದ ಕಾಂಟ್ರಾಬಾಸ್ ಕೊಳಲಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದ್ದಾರೆ.

ಮುಂಡಗೋಡಿನ ದುಂಗ್‌ಚೆನ್

ಬಂದಳಿಕೆಯ ಉತ್ತರಕ್ಕೆ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ನರ ನೆಲೆ ಏರ್ಪಟ್ಟಿತು. ಗಾಂದೆನ್ ಮತ್ತು ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಟಿಬೆಟನ್ ಮಠಗಳ ಪೂಜಾವಿಧಿಗಳಲ್ಲಿ ಊದುವ ದುಂಗ್‌ಚೆನ್ ತಾಮ್ರ, ಹಿತ್ತಾಳೆಯ ಉದ್ದ ಕಹಳೆ. ಹಲವು 3 ಮೀಟರಿಗೂ ಹೆಚ್ಚು ಉದ್ದವಿರುತ್ತವೆ. ಒಂದರೊಳಗೊಂದು ತೂರಿಸಿಡಬಹುದಾದ ತುಂಡುಗಳನ್ನು ಎಳೆದು ಜೋಡಿಸಿ, ಬಾಯನ್ನು ನೆಲಕ್ಕೋ ಆನಿಕೆಗೋ ಇಟ್ಟು ಊದುತ್ತಾರೆ. ಸಾಮಾನ್ಯವಾಗಿ ಜೋಡಿಯಾಗಿ ನುಡಿಸುವುದರಿಂದ ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬನ ನಾದ ಮುಂದುವರಿಯುತ್ತದೆ. ಇದರಲ್ಲಿ ರಾಗವಿಲ್ಲ, ಕೆಲವೇ ಸ್ವರಗಳ ನಡುವೆ ನಾದದ ಏರಿಳಿತ ಮಾತ್ರ.

ಕೇಳುವ ಬಗೆ

3 ಮೀಟರ್ ಕೊಳವೆಯ ಮೂಲಸ್ವರ ಲೆಕ್ಕಕ್ಕೆ 57 ಹರ್ಟ್ಸಿನ ಆಸುಪಾಸು. ಮನುಷ್ಯನ ಕಿವಿ ಸುಮಾರು 20 ಹರ್ಟ್ಸಿನವರೆಗೂ ಗ್ರಹಿಸಬಲ್ಲದಾದರೂ ತಗ್ಗಿನ ಸ್ವರಗಳಿಗೆ ಅದು ಮಂದ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮೂಲಸ್ವರ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ; ಮೇಲಿನ ಅನುಸ್ವರಗಳಿಂದ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಹತ್ತಿರ ನಿಂತವರಿಗೆ ಅದೇ ನಾದ ಎದೆಗೂ ಪಾದಕ್ಕೂ ತಟ್ಟುತ್ತದೆ. ಆದ್ದರಿಂದ ಇಂಥ ವಾದ್ಯಗಳ ಧ್ವನಿಮುದ್ರಣ ಕೇಳಲು ದೊಡ್ಡ ಸ್ಪೀಕರು ಅಥವಾ ಒಳ್ಳೆಯ ಹೆಡ್‌ಫೋನ್ ಬೇಕು.