ಒಂದೇ ಗಣಕಯಂತ್ರದಲ್ಲಿ ಜಾಲತಾಣ ತೆರೆಯದಿದ್ದಾಗ ಪರಿಶೀಲಿಸಬೇಕಾದ ಅಂಶಗಳು

ಅರ್ಜಿ ಸಲ್ಲಿಕೆ, ಶುಲ್ಕ ಪಾವತಿ, ಪ್ರವೇಶ ಪತ್ರ, ಪ್ರಮಾಣಪತ್ರ ಮುಂತಾದ ಸೇವೆಗಳನ್ನು ಸಾರ್ವಜನಿಕರು ಈಗ ಬಹುಪಾಲು ಅಂತರಜಾಲದ ಮೂಲಕವೇ ಪಡೆಯುತ್ತಾರೆ. ಕೊನೆಯ ದಿನದಂದು ಜಾಲತಾಣವು ತೆರೆಯದಿದ್ದಲ್ಲಿ "ಸರ್ವರ್ ಡೌನ್ ಆಗಿದೆ" ಎಂದು ತಿಳಿದು ಕಾಯುತ್ತ ಕೂರುವುದು ಸಾಮಾನ್ಯ ಅನುಭವವಾಗಿದೆ. ಅನೇಕ ಸಂದರ್ಭಗಳಲ್ಲಿ ಆ ಊಹೆ ನಿಜವೂ ಆಗಿರುತ್ತದೆ. ಆದರೆ ಅದೇ ಜಾಲತಾಣವು ಪಕ್ಕದ ಮೇಜಿನ ಗಣಕಯಂತ್ರದಲ್ಲಿ ಸರಾಗವಾಗಿ ತೆರೆಯುತ್ತಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ. ದೋಷವು ಬಹುತೇಕ ಎದುರಿಗಿರುವ ಯಂತ್ರದಲ್ಲಿಯೇ ಇರುತ್ತದೆ, ಮತ್ತು ಅದನ್ನು ಸರಿಪಡಿಸುವವರೆಗೆ ಅಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಅರ್ಜಿಯ ಅವಧಿ ಮುಗಿದುಹೋಗುವ ಸಂಭವವುಂಟು. ಆದುದರಿಂದ ಅವಧಿ ಸಮೀಪಿಸಿದ್ದಲ್ಲಿ ಅರ್ಜಿಯನ್ನು ಮೊದಲು ಬೇರೊಂದು ಯಂತ್ರದಿಂದ ಸಲ್ಲಿಸಿ, ದೋಷ ಪತ್ತೆಯನ್ನು ಅನಂತರ ಕೈಗೊಳ್ಳುವುದು ಸೂಕ್ತ.

ದೋಷವಿರುವ ಸ್ಥಳವನ್ನು ನಿರ್ಧರಿಸುವುದು

ಹೋಲಿಕೆಯನ್ನು ಒಂದೇ ಸಮಯದಲ್ಲಿ, ಒಂದೇ ಸಂಪರ್ಕದಲ್ಲಿ, ಒಂದೇ ವಿಳಾಸವನ್ನು ಟೈಪ್ ಮಾಡಿ ನಡೆಸತಕ್ಕದ್ದು. ಮೊಬೈಲ್ ದೂರವಾಣಿಯಲ್ಲಿ ತಾಣ ತೆರೆಯಿತು ಎಂಬ ಮಾತ್ರಕ್ಕೆ ಗಣಕಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಮೊಬೈಲ್ ತನ್ನದೇ ಡೇಟಾ ಬಳಸುತ್ತಿದ್ದರೆ ಅದು ಬೇರೊಂದು ಸಂಸ್ಥೆಯ ಮಾರ್ಗವಾಗಿ ತಾಣವನ್ನು ತಲುಪಿರುತ್ತದೆ. ಮೊಬೈಲ್ ಅನ್ನು ಅದೇ ಮನೆಯ ಅಥವಾ ಕಚೇರಿಯ ವೈ-ಫೈಗೆ ಜೋಡಿಸಿ ನೋಡಬೇಕು. ಆಗಲೂ ತೆರೆದರೆ ಗಣಕಯಂತ್ರದ ಪರಿಶೀಲನೆಗೆ ತೊಡಗಬಹುದು. ವೈ-ಫೈನಲ್ಲಿ ತೆರೆಯದೆ ಡೇಟಾದಲ್ಲಿ ಮಾತ್ರ ತೆರೆದರೆ ಅದು ರೂಟರ್ ಅಥವಾ ಸಂಪರ್ಕ ನೀಡುವ ಸಂಸ್ಥೆಗೆ ಸಂಬಂಧಿಸಿದ ವಿಷಯವಾಗುತ್ತದೆ.

ಇದರ ಜೊತೆಗೆ ಪರದೆಯ ಮೇಲಿನ ದೋಷ ಸಂದೇಶವನ್ನು ಪೂರ್ಣವಾಗಿ ಬರೆದಿಟ್ಟುಕೊಳ್ಳುವುದು ಅಥವಾ ಛಾಯಾಚಿತ್ರ ತೆಗೆದುಕೊಳ್ಳುವುದು ಅತ್ಯವಶ್ಯ. "ತೆರೆಯುತ್ತಿಲ್ಲ" ಎಂಬ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಸರ್ವರ್‌ನ ವಿಳಾಸ ಸಿಗಲಿಲ್ಲ ಎಂಬ ಸಂದೇಶ ಬಂದರೆ ಹೆಸರನ್ನು ಸಂಖ್ಯೆಯಾಗಿ ಪರಿವರ್ತಿಸುವ ಹಂತದಲ್ಲಿ ತೊಡಕಿದೆ. ಬಹಳ ಹೊತ್ತಾದರೂ ಉತ್ತರ ಬರಲಿಲ್ಲ ಎಂದರೆ ಪ್ರಾಕ್ಸಿ ಅಥವಾ ಫೈರ್‌ವಾಲ್ ಅನ್ನು ಸಂಶಯಿಸಬೇಕು. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದರೆ ಮೊದಲು ಗಡಿಯಾರವನ್ನು ನೋಡಬೇಕು. 404 ಅಥವಾ 403 ಎಂಬ ಸಂಖ್ಯೆ ಸಾಮಾನ್ಯವಾಗಿ ಸರ್ವರ್‌ನಿಂದಲೇ ಬಂದ ಉತ್ತರವಾಗಿರುತ್ತದೆ. ಅಲ್ಲಿಯವರೆಗಿನ ದಾರಿ ಸರಿಯಿದೆಯೆಂದೇ ಅರ್ಥ. ಒಂದೇ ಯಂತ್ರದಲ್ಲಿ 404 ಕಾಣಿಸುತ್ತಿದ್ದರೆ ಅಲ್ಲಿ ಹಳೆಯ ಬುಕ್‌ಮಾರ್ಕ್ ಬಳಸುತ್ತಿರುವ ಸಾಧ್ಯತೆಯೇ ಹೆಚ್ಚು.

ಬ್ರೌಸರ್

ಖಾಸಗಿ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋ ವಿಧಾನದಲ್ಲಿ, ತಾಣವನ್ನು ತೆರೆದು ನೋಡುವುದು ಅತ್ಯಂತ ಸುಲಭವಾದ ಪರೀಕ್ಷೆ. ಅಲ್ಲಿ ತೆರೆದರೆ ಹಳೆಯ ಕುಕಿಗಳು ಅಥವಾ ಬ್ರೌಸರ್‌ಗೆ ಸೇರಿಸಿದ ಯಾವುದೋ ಎಕ್ಸ್‌ಟೆನ್ಷನ್ ಅಡ್ಡಿಯಾಗಿದೆ ಎಂದು ತಿಳಿಯಬಹುದು. ಸದರಿ ತಾಣಕ್ಕೆ ಸಂಬಂಧಿಸಿದ ಕುಕಿಗಳನ್ನು ಮಾತ್ರ ಅಳಿಸಿದರೆ ಸಾಕಾಗುತ್ತದೆ. ಎಲ್ಲವನ್ನೂ ಅಳಿಸುವಂತೆ ಸಲಹೆ ನೀಡುವವರು ಅನೇಕರಿದ್ದಾರೆ. ಆದರೆ ಆ ಪಟ್ಟಿಯಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೂ ಗುರುತು ಹಾಕಿ ಅಳಿಸಿಬಿಟ್ಟು, ಅನಂತರ ಹತ್ತು ಖಾತೆಗಳಿಗೆ ಪ್ರವೇಶ ಕಳೆದುಕೊಳ್ಳುವವರೂ ಕಡಿಮೆಯಿಲ್ಲ.

ಮುಂದಿನ ಪರೀಕ್ಷೆ ಮತ್ತೊಂದು ಬ್ರೌಸರ್. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಜಾಲ ಸಂಪರ್ಕದ ಬಗ್ಗೆ ಸಂಶಯಪಡುವ ಅಗತ್ಯವಿಲ್ಲ.

ಗಡಿಯಾರ ಮತ್ತು ದಿನಾಂಕ

ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಯಾರೂ ಗಮನಿಸುವುದಿಲ್ಲ. ಆದರೆ ಒಂದೇ ಯಂತ್ರದಲ್ಲಿ ಅನೇಕ ತಾಣಗಳು ಏಕಕಾಲಕ್ಕೆ ಭದ್ರತಾ ಎಚ್ಚರಿಕೆ ತೋರಿಸತೊಡಗಿದಾಗ ಮೊದಲು ನೋಡಬೇಕಾದದ್ದು ಅದನ್ನೇ. ಸುರಕ್ಷಿತ ಸಂಪರ್ಕವಿರುವ ಪ್ರತಿಯೊಂದು ತಾಣವೂ ತನ್ನ ಗುರುತನ್ನು ಸಾಬೀತುಪಡಿಸಲು ಒಂದು ಪ್ರಮಾಣಪತ್ರವನ್ನು ಒದಗಿಸುತ್ತದೆ. ಆ ಪತ್ರಕ್ಕೆ ಆರಂಭದ ದಿನಾಂಕ ಹಾಗೂ ಮುಕ್ತಾಯದ ದಿನಾಂಕ ಇರುತ್ತವೆ. ಬ್ರೌಸರ್ ಅವೆರಡನ್ನೂ ಯಂತ್ರದ ಗಡಿಯಾರದೊಂದಿಗೆ ಹೋಲಿಸುತ್ತದೆ. ಗಡಿಯಾರವು 2015ನೇ ಇಸವಿಯನ್ನು ತೋರಿಸುತ್ತಿದ್ದರೆ ಇಂದು ಚಾಲ್ತಿಯಲ್ಲಿರುವ ಪ್ರಮಾಣಪತ್ರ ಆ ಯಂತ್ರದ ಪಾಲಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಮೇಜಿನ ಮೇಲಿಡುವ ಗಣಕಯಂತ್ರಗಳ ಮದರ್‌ಬೋರ್ಡ್‌ನಲ್ಲಿ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು 3 ವೋಲ್ಟ್‌ನ ಸಿಆರ್2032 ಆಗಿರುತ್ತದೆ. ವಿದ್ಯುತ್ ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಇದರ ಕೆಲಸ. ಕೆಲವು ವರ್ಷಗಳ ಬಳಿಕ ಅದರ ಶಕ್ತಿ ಕುಂದಿದಾಗ, ಸ್ವಿಚ್ ಆರಿಸಿದ ಪ್ರತಿ ಬಾರಿಯೂ ಅಥವಾ ವಿದ್ಯುತ್ ಕಡಿತವಾದಾಗಲೆಲ್ಲ ದಿನಾಂಕವು ಹಿಂದಿನ ಯಾವುದೋ ವರ್ಷಕ್ಕೆ ಸರಿಯುತ್ತದೆ. ದಿನಾಂಕವನ್ನು ಸರಿಪಡಿಸಿದ ಕೂಡಲೇ ತಾಣಗಳು ತೆರೆಯುತ್ತವೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ತೊಂದರೆ. ಇಂತಹ ಪುನರಾವರ್ತನೆ ಕಂಡುಬಂದಲ್ಲಿ ತಂತ್ರಾಂಶಕ್ಕೆ ಕೈಹಾಕದೆ ಬ್ಯಾಟರಿಯನ್ನು ಬದಲಾಯಿಸತಕ್ಕದ್ದು.

ಸಮಯ ವಲಯದ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ವಿಂಡೋಸ್ ಹೊಸದಾಗಿ ಸ್ಥಾಪನೆಯಾದ ಯಂತ್ರದಲ್ಲಿ ವಲಯವು ಅಮೆರಿಕದ ಪಶ್ಚಿಮ ಕರಾವಳಿಗೆ ನಿಗದಿಯಾಗಿ ಉಳಿದಿರುತ್ತದೆ. ಬಳಕೆದಾರರು ಅದನ್ನು ಬದಲಿಸದೆ ಗಂಟೆಯನ್ನಷ್ಟೇ ಕೈಯಿಂದ ಸರಿಪಡಿಸಿರುತ್ತಾರೆ. ನೋಡುವವರ ಕಣ್ಣಿಗೆ ಗಡಿಯಾರ ಸರಿಯಾಗಿಯೇ ಇರುತ್ತದೆ. ಆದರೆ ಯಂತ್ರದ ಒಳಗಣ ಸಾರ್ವತ್ರಿಕ ಸಮಯವು ಸುಮಾರು ಹದಿಮೂರು ಗಂಟೆಗಳಷ್ಟು ಮುಂದಿರುತ್ತದೆ. ಭಾರತದಲ್ಲಿ ವಲಯವು 5 ಗಂಟೆ 30 ನಿಮಿಷ ಮುಂದೆ ಎಂದಿರಬೇಕು.

ಈ ಎಚ್ಚರಿಕೆಯನ್ನು ಬದಿಗೊತ್ತಿ "ಆದರೂ ಮುಂದುವರಿಯಿರಿ" ಎಂಬುದನ್ನು ಒತ್ತುವ ಅಭ್ಯಾಸವು ಅಪಾಯಕಾರಿ. ಗಡಿಯಾರ ಸರಿಯಿದ್ದೂ ಎಚ್ಚರಿಕೆ ಬಂದರೆ ಎದುರಿಗಿರುವ ಪುಟ ನಕಲಿಯಾಗಿರಬಹುದು. ಅಲ್ಲಿ ಪಾಸ್‌ವರ್ಡ್, ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ವಿವರಗಳನ್ನು ನಮೂದಿಸಬಾರದು.

ಹೆಸರು ಮತ್ತು ಸಂಖ್ಯೆ

ಜಾಲತಾಣದ ಹೆಸರು ಮನುಷ್ಯರ ಅನುಕೂಲಕ್ಕಾಗಿ. ಯಂತ್ರಗಳು ಪರಸ್ಪರ ಸಂಖ್ಯೆಗಳಿಂದ ಗುರುತಿಸಿಕೊಳ್ಳುತ್ತವೆ. ಹೆಸರಿಗೆ ತಕ್ಕ ಸಂಖ್ಯೆಯನ್ನು ಒದಗಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ ಅವರು 1983ರಲ್ಲಿ ರೂಪಿಸಿದರು. ಅದಕ್ಕೂ ಮುನ್ನ ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರುಗಳನ್ನೂ ಒಂದೇ ಕಡತದಲ್ಲಿ ಬರೆದು ಎಲ್ಲರಿಗೂ ಹಂಚಲಾಗುತ್ತಿತ್ತು. ಆ ಪದ್ಧತಿಯ ಉಳಿಕೆಯೊಂದು ಇಂದಿನ ಯಂತ್ರಗಳಲ್ಲಿಯೂ ಇದೆ. ಅದೇ ಹೋಸ್ಟ್ಸ್ ಎಂಬ ಸಣ್ಣ ಕಡತ. ವಿಂಡೋಸ್ ಕೋಶದ ಒಳಗೆ ಸಿಸ್ಟಂ32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಕೋಶದಲ್ಲಿ ಅದನ್ನು ಕಾಣಬಹುದು. ಅದರಲ್ಲಿ ಬರೆದಿರುವುದನ್ನು ಯಂತ್ರವು ಡಿಎನ್‌ಎಸ್‌ಗಿಂತ ಮೊದಲು ನಂಬುತ್ತದೆ. ತಾಣದ ಹೆಸರಿನ ಮುಂದೆ 127.0.0.1 ಎಂದು ಬರೆದಿದ್ದರೆ ಯಂತ್ರವು ಆ ತಾಣವನ್ನು ತನ್ನೊಳಗೇ ಹುಡುಕಿ ಸೋಲುತ್ತದೆ. ಕುತಂತ್ರಾಂಶಗಳು ಹಾಗೂ ಪರವಾನಗಿಯಿಲ್ಲದ ತಂತ್ರಾಂಶಗಳ "ಕ್ರ್ಯಾಕ್"ಗಳು ಈ ಕಡತಕ್ಕೆ ಸಾಲುಗಳನ್ನು ಸೇರಿಸುವುದುಂಟು. ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಕೇವಲ ವಿವರಣೆಗಳಾಗಿದ್ದು ಅವುಗಳಿಂದ ತೊಂದರೆಯಿಲ್ಲ. ಕಡತವನ್ನು ತಿದ್ದಲು ನಿರ್ವಾಹಕರ ಅನುಮತಿ ಬೇಕಾಗುತ್ತದೆ. ಕಚೇರಿಯ ಯಂತ್ರವಾದಲ್ಲಿ ಸಂಬಂಧಪಟ್ಟ ತಾಂತ್ರಿಕ ಸಿಬ್ಬಂದಿಗೆ ತಿಳಿಸತಕ್ಕದ್ದು, ಏಕೆಂದರೆ ಕೆಲವು ಸಾಲುಗಳನ್ನು ಉದ್ದೇಶಪೂರ್ವಕವಾಗಿ ಸೇರಿಸಿರಬಹುದು.

ಕಡತವನ್ನು ತೆರೆಯದೆಯೂ ಒಂದು ಸುಳಿವು ಪಡೆಯಬಹುದಾಗಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಹಾಗೂ ಎನ್‌ಎಸ್‌ಲುಕಪ್ ಆಜ್ಞೆಗಳನ್ನು ಅದೇ ತಾಣದ ಹೆಸರಿನೊಂದಿಗೆ ನೀಡಬೇಕು. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರ್ ಅನ್ನು ಕೇಳುತ್ತದೆ. ಪಿಂಗ್ ಯಂತ್ರದ ಸ್ವಂತ ದಾಖಲೆಗಳನ್ನೂ ನೋಡುತ್ತದೆ. ಪಿಂಗ್‌ಗೆ ಉತ್ತರ ಬರದಿದ್ದರೂ ಚಿಂತೆಯಿಲ್ಲ, ಅನೇಕ ಸರ್ವರ್‌ಗಳು ಅದಕ್ಕೆ ಉತ್ತರಿಸುವುದಿಲ್ಲ. ಅದು ತೋರಿಸುವ ಸಂಖ್ಯೆಯನ್ನಷ್ಟೇ ಗಮನಿಸಬೇಕು. ಎರಡರ ಸಂಖ್ಯೆಗಳು ಬೇರೆಯಾಗಿದ್ದರೆ ಹೋಸ್ಟ್ಸ್ ಕಡತವನ್ನು ಅಥವಾ ಯಂತ್ರವು ನೆನಪಿಟ್ಟುಕೊಂಡ ಹಳೆಯ ಉತ್ತರವನ್ನು ಸಂಶಯಿಸಬಹುದು. ಹಳೆಯ ಉತ್ತರವನ್ನು ಐಪಿಕಾನ್ಫಿಗ್ ಆಜ್ಞೆಯ ಫ್ಲಶ್‌ಡಿಎನ್‌ಎಸ್ ಆಯ್ಕೆಯಿಂದ ಅಳಿಸಬಹುದು. ದೊಡ್ಡ ತಾಣಗಳಿಗೆ ಅನೇಕ ಸಂಖ್ಯೆಗಳಿರುವುದರಿಂದ ಅಲ್ಪ ವ್ಯತ್ಯಾಸವನ್ನೇ ದೋಷವೆಂದು ಭಾವಿಸಬಾರದು.

ಯಂತ್ರವು ಕೇಳುತ್ತಿರುವ ಡಿಎನ್‌ಎಸ್ ಸರ್ವರ್ ಯಾವುದೆಂಬುದೂ ಮುಖ್ಯ. ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶವು ಈ ಒಂದು ಸೂಚನೆಯನ್ನು ಸದ್ದಿಲ್ಲದೆ ಬದಲಿಸಿ, ಬಳಕೆದಾರರನ್ನು ವಂಚಕರ ಸರ್ವರ್‌ಗಳತ್ತ ತಿರುಗಿಸುತ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಈ ಜಾಲವನ್ನು ಭೇದಿಸಿರುವುದಾಗಿ ಪ್ರಕಟಿಸಿತು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಗಣಕಯಂತ್ರಗಳು ಸೋಂಕಿಗೆ ಒಳಗಾಗಿದ್ದವು. ವಂಚಕರ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಇವುಗಳ ಮಾಲೀಕರಿಗೆ ಅಂತರಜಾಲವೇ ಇಲ್ಲವಾಗುತ್ತಿತ್ತು. ಆದ್ದರಿಂದ ನ್ಯಾಯಾಲಯದ ಆದೇಶದಂತೆ ಪರ್ಯಾಯ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಲಾಯಿತು. ಅಂದು ಅವು ನಿಂತಾಗ, ಅಲ್ಲಿಯವರೆಗೂ ಸರಿಪಡಿಸದಿದ್ದ ಯಂತ್ರಗಳಿಗೆ ಹೆಸರಿನಿಂದ ಯಾವ ತಾಣವನ್ನೂ ತಲುಪುವ ದಾರಿ ಉಳಿಯಲಿಲ್ಲ.

ವೈರಸ್ ನಿರೋಧಕ ಸಂಸ್ಥೆಗಳ ತಾಣಗಳು ಹಾಗೂ ಮೈಕ್ರೋಸಾಫ್ಟ್‌ನ ತಾಣ ಮಾತ್ರ ತೆರೆಯದೆ ಉಳಿದೆಲ್ಲವೂ ತೆರೆಯುತ್ತಿದ್ದರೆ ಸೋಂಕಿನ ಸಂಶಯ ಬಲವಾಗುತ್ತದೆ. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ ಹೀಗೆಯೇ ಮಾಡುತ್ತಿತ್ತು. ಚಿಕಿತ್ಸೆ ದೊರೆಯುವ ಜಾಗದ ದಾರಿಯನ್ನೇ ಅದು ಮುಚ್ಚಿಬಿಡುತ್ತಿತ್ತು. ಇಂತಹ ಯಂತ್ರಗಳನ್ನು ಸ್ವಚ್ಛಗೊಳಿಸುವ ಉಚಿತ ಸಾಧನಗಳನ್ನು ಒದಗಿಸಲು ಭಾರತ ಸರ್ಕಾರವು 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಸೋಂಕಿತ ಯಂತ್ರದಲ್ಲಿ ದಾರಿ ಮುಚ್ಚಿದ್ದರೆ ಬೇರೆ ಯಂತ್ರದಿಂದ ಸಾಧನವನ್ನು ಪಡೆದುಕೊಳ್ಳಬೇಕಾಗುತ್ತದೆ.

ಪ್ರಾಕ್ಸಿ, ಫೈರ್‌ವಾಲ್ ಮತ್ತು ವೈರಸ್ ನಿರೋಧಕ ತಂತ್ರಾಂಶ

ಕಚೇರಿಯಲ್ಲಿ ಸರಿಯಿದ್ದು ಮನೆಯಲ್ಲಿ ಏನೂ ತೆರೆಯದ ಲ್ಯಾಪ್‌ಟಾಪ್‌ನಲ್ಲಿ ಬಹುಶಃ ಕಚೇರಿಯ ಪ್ರಾಕ್ಸಿ ವಿಳಾಸ ಹಾಗೆಯೇ ಉಳಿದಿರುತ್ತದೆ. ಸಂಪರ್ಕ ಆಯ್ಕೆಗಳಲ್ಲಿ ಅದನ್ನು ತೆಗೆದರೆ ಸಾಕು. ತಾನಾಗಿ ಮತ್ತೆ ಮತ್ತೆ ಅದೇ ವಿಳಾಸ ಬಂದು ಕೂರುತ್ತಿದ್ದರೆ ಅದು ಕಚೇರಿಯ ನಿಯಮವಾಗಿರಬಹುದು ಇಲ್ಲವೇ ಕುತಂತ್ರಾಂಶದ ಕೆಲಸವಾಗಿರಬಹುದು. ವೈರಸ್ ನಿರೋಧಕ ತಂತ್ರಾಂಶವು ಅಡ್ಡಿಯಾಗಿದೆಯೇ ಎಂದು ತಿಳಿಯಲು ಅದರ ಜಾಲ ರಕ್ಷಣೆಯನ್ನು ಎರಡು ನಿಮಿಷ ನಿಲ್ಲಿಸಿ, ಪರೀಕ್ಷಿಸಿ, ಪುನಃ ಚಾಲನೆಗೊಳಿಸತಕ್ಕದ್ದು. ಎರಡು ವೈರಸ್ ನಿರೋಧಕಗಳನ್ನು ಒಟ್ಟಿಗೆ ಇರಿಸುವುದರಿಂದ ರಕ್ಷಣೆ ಇಮ್ಮಡಿಯಾಗುವುದಿಲ್ಲ, ತೊಡಕು ಇಮ್ಮಡಿಯಾಗುತ್ತದೆ.

ಹಳೆಯ ಯಂತ್ರಗಳು

ಕೆಲವೊಮ್ಮೆ ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಅದು ಹಿಂದೆ ಉಳಿದಿರುತ್ತದೆ. ಸುರಕ್ಷಿತ ಸಂಪರ್ಕದ ಹಳೆಯ ವಿಧಾನಗಳಾದ ಟಿಎಲ್‌ಎಸ್ 1.0 ಮತ್ತು 1.1ಕ್ಕೆ ಪ್ರಮುಖ ಬ್ರೌಸರ್‌ಗಳು 2020ರಲ್ಲಿ ಬೆಂಬಲ ನಿಲ್ಲಿಸಿದವು, ಅನೇಕ ಸರ್ವರ್‌ಗಳೂ ಅವನ್ನು ನಿರಾಕರಿಸತೊಡಗಿದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಅನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ವಿಂಡೋಸ್ 7 ಯಂತ್ರಗಳಿಗೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು.

ಪ್ರಮಾಣಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರಗಳು ಆಧರಿಸಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರವು 2021ರ ಸೆಪ್ಟೆಂಬರ್ 30ರಂದು ಮುಕ್ತಾಯಗೊಂಡಿತು. ಹೊಸ ಮೂಲವನ್ನು ಅರಿಯದ ಹಳೆಯ ಯಂತ್ರಗಳಲ್ಲಿ ಅಂದಿನಿಂದ ಅನೇಕ ತಾಣಗಳು ತೆರೆಯದಾದವು. ಗಡಿಯಾರ ಸರಿಯಿತ್ತು, ತಾಣವೂ ಸರಿಯಿತ್ತು. ಅಂತಹ ಕೆಲವು ಯಂತ್ರಗಳಲ್ಲಿ ಫೈರ್‌ಫಾಕ್ಸ್ ಮಾತ್ರ ಕೆಲಸ ಮಾಡುತ್ತಿತ್ತು, ಏಕೆಂದರೆ ಅದು ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ತನ್ನೊಂದಿಗೇ ಇಟ್ಟುಕೊಂಡಿರುತ್ತದೆ.

ತಾಣ ತೆರೆದು ಅಕ್ಷರ ಕಾಣದಿದ್ದಲ್ಲಿ

ಪುಟವು ತೆರೆದಿದ್ದರೂ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿದರೆ ಅದು ಸಂಪರ್ಕದ ದೋಷವಲ್ಲ. ಯುನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಸಿದ್ಧಪಡಿಸಿದ ಪುಟಗಳು ಮತ್ತು ಕಡತಗಳು ನುಡಿ ಅಥವಾ ಬರಹದ ಹಳೆಯ ಅಕ್ಷರ ಶೈಲಿಗಳನ್ನು ಅವಲಂಬಿಸಿವೆ. ಅವು ಸ್ಥಾಪಿತವಾಗಿರುವ ಯಂತ್ರದಲ್ಲಿ ಮಾತ್ರ ಓದಲು ಸಾಧ್ಯ. ಚೌಕಾಕಾರದ ಖಾಲಿ ಪೆಟ್ಟಿಗೆಗಳು ಕಂಡುಬಂದರೆ ಯಂತ್ರದಲ್ಲಿ ಕನ್ನಡದ ಯುನಿಕೋಡ್ ಅಕ್ಷರ ಶೈಲಿ ಇಲ್ಲವೆಂದು ತಿಳಿಯಬೇಕು.

ಸಾರ್ವಜನಿಕರ ಗಮನಕ್ಕೆ

ಯಂತ್ರವನ್ನು ಫಾರ್ಮ್ಯಾಟ್ ಮಾಡುವುದು ಕಟ್ಟಕಡೆಯ ಕ್ರಮ. ಬ್ಯಾಟರಿಯ ದೋಷಕ್ಕಾಗಿ ಫಾರ್ಮ್ಯಾಟ್ ಮಾಡಿಸಿದರೆ ಕಡತಗಳು ಹೋಗುತ್ತವೆ, ದೋಷ ಉಳಿಯುತ್ತದೆ.

ಶೋಧ ತಾಣಗಳಲ್ಲಿ ಸಿಗುವ "ಸಹಾಯವಾಣಿ" ಸಂಖ್ಯೆಗಳಲ್ಲಿ ವಂಚಕರ ಸಂಖ್ಯೆಗಳೂ ಸೇರಿರುತ್ತವೆ. ಇಂತಹವರು ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಸಿ ಬ್ಯಾಂಕ್ ಖಾತೆಯನ್ನು ಬರಿದುಮಾಡುತ್ತಾರೆ. ಅಪರಿಚಿತರ ಸೂಚನೆಯ ಮೇರೆಗೆ ಅಂತಹ ತಂತ್ರಾಂಶವನ್ನು ಸ್ಥಾಪಿಸಬಾರದು, ಒಟಿಪಿ ತಿಳಿಸಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಮೇಲ್ಕಂಡ ಪರಿಶೀಲನೆಗಳ ನಂತರವೂ ತೊಂದರೆ ಮುಂದುವರಿದಲ್ಲಿ ತಾಣವನ್ನು ನಿರ್ವಹಿಸುವ ಕಚೇರಿಗೆ ಬರೆಯಬಹುದಾಗಿದೆ. ಪತ್ರದಲ್ಲಿ ಪುಟದ ಪೂರ್ಣ ವಿಳಾಸ, ದಿನಾಂಕ ಮತ್ತು ಸಮಯ, ದೋಷ ಸಂದೇಶದ ಚಿತ್ರ, ಬ್ರೌಸರ್ ಹಾಗೂ ವಿಂಡೋಸ್‌ನ ಆವೃತ್ತಿ, ಅದೇ ಸಂಪರ್ಕದಲ್ಲಿ ಬೇರೆ ಯಂತ್ರದಲ್ಲಿ ತೆರೆಯಿತೇ ಎಂಬ ವಿವರಗಳಿರಬೇಕು. ಪಾಸ್‌ವರ್ಡ್ ಅನ್ನು ಯಾವುದೇ ಕಾರಣಕ್ಕೂ ಬರೆಯಬಾರದು.