ಹಾಸನ ಜಿಲ್ಲೆಯ ಜೈನ ಸಂಘಟನೆಗಳು: ಏಕೆ ಹುಟ್ಟುತ್ತವೆ, ಹೇಗೆ ಉಳಿಯುತ್ತವೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಒಂದು ದಿನದಲ್ಲಿ ಸುತ್ತಿ ಬರಬಹುದು. ಜೈನ ಸಮಾಜದವರು ನೆಲೆಸಿರುವ ಇಂತಹ ಊರುಗಳಲ್ಲಿ ಬಸದಿಯ ಸಮಿತಿ, ಮಹಿಳಾ ಸಮಾಜ, ಯುವಕರ ಸಂಘ, ಭಜನಾ ಮಂಡಳಿ, ಜೈನ್ ಮಿಲನ್ ಹೀಗೆ ಒಂದಲ್ಲ ಒಂದು ಸಂಘಟನೆ ಕಾಣಸಿಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿರುವ ಜೈನರು 4,40,280 ಮಂದಿ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಚಿಕ್ಕ ಸಮಾಜಕ್ಕೆ ಇಷ್ಟೊಂದು ಸಂಘಗಳು ಏಕೆ ಎಂದು ಹೊರಗಿನವರು ಕೇಳುವುದುಂಟು. ಚಿಕ್ಕದಾಗಿರುವುದರಿಂದಲೇ ಬೇಕಾಗಿವೆ ಎಂಬ ಉತ್ತರಕ್ಕೆ ಈ ಜಿಲ್ಲೆಯಲ್ಲಿಯೇ ಕಲ್ಲಿನ ಮೇಲೆ ಕೊರೆದ ದಾಖಲೆಗಳಿವೆ.

ಸಂಘ ಎಂಬ ಪದ ಜೈನರಿಗೆ ಹೊಸದಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಈ ನಾಲ್ವರು ಸೇರಿದ್ದೇ ಚತುರ್ವಿಧ ಸಂಘ. ಮುನಿಗಳು ಅಡುಗೆ ಮಾಡುವಂತಿಲ್ಲ, ಹಣ ಮುಟ್ಟುವಂತಿಲ್ಲ. ಅವರ ಆಹಾರ ಶ್ರಾವಕರ ಕೈಯಿಂದಲೇ ಆಗಬೇಕು. ಶ್ರಾವಕರಿಗೆ ಉಪದೇಶ ಮುನಿಗಳಿಂದ ಬರಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಇರಲಾಗದಂತೆ ಈ ವ್ಯವಸ್ಥೆ ಮೊದಲಿನಿಂದಲೂ ಕಟ್ಟಲ್ಪಟ್ಟಿದೆ.

ಕೂಡುವುದಷ್ಟೇ ಅಲ್ಲ, ಬೇರೆಯಾಗುವುದಕ್ಕೂ ಹಳೆಯ ದಾಖಲೆ ಇದೆ. ಶ್ರವಣಬೆಳಗೊಳದ ಸಿದ್ಧರ ಬಸದಿಯಲ್ಲಿರುವ 1398ರ ಶಾಸನವು ಅರ್ಹದ್ಬಲಿ ಆಚಾರ್ಯರು ಮೂಲಸಂಘವನ್ನು ಸೇನ, ನಂದಿ, ದೇವ, ಸಿಂಹ ಎಂದು ನಾಲ್ಕಾಗಿ ವಿಂಗಡಿಸಿದರೆಂದು ತಿಳಿಸುತ್ತದೆ. ಕಾಲದೋಷದಿಂದ ಹುಟ್ಟಬಹುದಾದ ದ್ವೇಷವನ್ನು ಕಡಿಮೆ ಮಾಡಲೆಂದೇ ಹೀಗೆ ಮಾಡಿದರೆಂದು ಕಾರಣವನ್ನೂ ಹೇಳುತ್ತದೆ. ಜಗಳವಾಡಿ ಒಡೆಯುವುದು ಬೇರೆ, ಜಗಳವಾಗದಿರಲೆಂದು ಕೆಲಸ ಹಂಚಿಕೊಳ್ಳುವುದು ಬೇರೆ. ಒಂದೇ ಊರಿನಲ್ಲಿ ಎರಡು ಸಂಘಗಳಿದ್ದರೆ ತಲೆ ಕೆಡಿಸಿಕೊಳ್ಳುವವರು ಈ ಶಾಸನವನ್ನು ಒಮ್ಮೆ ಗಮನಿಸಬಹುದು.

ಇದಕ್ಕಿಂತ ಮುಖ್ಯವಾದುದು ಬುಕ್ಕರಾಯನ ಕಾಲದ 1368ರ ಶಾಸನ. ಇದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಈ ಬಸದಿಯನ್ನು ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ಒಟ್ಟಾಗಿ ದೊರೆಯ ಬಳಿಗೆ ಹೋಗಿ, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಬಿನ್ನಹ ಮಾಡಿಕೊಂಡರು. ದೊರೆ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಇಷ್ಟು ಭಾಗ ಶಾಲೆಯ ಪುಸ್ತಕಗಳಲ್ಲಿಯೂ ಬರುತ್ತದೆ. ಇದರ ಮುಂದಿನ ಭಾಗವನ್ನು ಓದುವವರು ಕಡಿಮೆ.

ಆ ಭಾಗ ಪೂರ್ತಿ ಲೆಕ್ಕಾಚಾರದ್ದು. ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಇದನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನವರದು, ಅಂದರೆ ವೈಷ್ಣವರದೇ. ಕಟ್ಟಳೆ ಮುರಿದವನು ರಾಜನಿಗೆ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಮುಂದೆ ಕಲ್ಲೇಹದ ಬುಸುವಿಸೆಟ್ಟಿ ಎಂಬ ವರ್ತಕ ಈ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದಾಗ, ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಸಂಘ ಕಟ್ಟಲು ಬೇಕಾದುದೆಲ್ಲ ಇಲ್ಲಿದೆ: ಹೊರಗಿನಿಂದ ಬಂದ ಒಂದು ತೊಂದರೆ, ನಾಲ್ಕಾರು ಊರಿನವರ ಒಗ್ಗಟ್ಟು, ಬಡವ ಬಲ್ಲಿದ ಎನ್ನದೆ ಮನೆಗೊಂದು ವಂತಿಗೆ, ವಂತಿಗೆ ಯಾವುದಕ್ಕೆ ಎಂಬ ನಿಗದಿ, ಓಡಾಡಿ ಕೆಲಸ ಮಾಡುವ ಒಬ್ಬ ಮನುಷ್ಯ. ದೊಡ್ಡ ದಾನಿಯೊಬ್ಬರೇ ಎಲ್ಲವನ್ನೂ ಕೊಟ್ಟರೆ ಬಸದಿ ಎದ್ದೀತು, ಸಂಘ ಏಳುವುದಿಲ್ಲ. ಮನೆಗೊಂದು ಹಣ ಕೊಟ್ಟವನಿಗೆ ಕೇಳುವ ಹಕ್ಕೂ ಇರುತ್ತದೆ.

ವರ್ತಕರ ಕೂಟಗಳ ಮಾತೂ ಬೆಳಗೊಳದ ಶಾಸನಗಳಲ್ಲಿದೆ. ಪಟ್ಟಣಸ್ವಾಮಿ ನಾಗದೇವ 1195ರಲ್ಲಿ ಕಟ್ಟಿಸಿದ ನಗರ ಜಿನಾಲಯದ ಹೆಸರಿನಲ್ಲಿರುವ ‘ನಗರ’ ಎಂದರೆ ಪಟ್ಟಣವಲ್ಲ, ವರ್ತಕರ ಸಂಘ. ಅದನ್ನು ಕಾಪಾಡುವ ಹೊಣೆ ಅವರದೇ ಆಗಿತ್ತು. 13ನೆಯ ಶತಮಾನದ ಕೆಲವು ಶಾಸನಗಳಲ್ಲಿ ಭಕ್ತರು ಗದ್ಯಾಣಗಳನ್ನು ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು ಎಂದು ನಿಗದಿ ಮಾಡಿದ್ದಾರೆ. ಇಂದಿನ ಶಾಶ್ವತ ಪೂಜಾ ನಿಧಿಗಳು ಇದೇ ದಾರಿಯವು. ಬಡ್ಡಿಯ ದರ ಇಳಿದಾಗ ಸಮಿತಿಯವರು ಪಡುವ ಪಾಡು ಮಾತ್ರ ಹೊಸದು.

ಅರಕಲಗೂಡು ಸೀಮೆಯನ್ನೂ ಕೊಡಗಿನ ಉತ್ತರ ಭಾಗವನ್ನೂ 11ನೆಯ ಶತಮಾನದಲ್ಲಿ ಆಳಿದ ಕೊಂಗಾಳ್ವರು ಜೈನರು. ಹಾಸನ ತಾಲ್ಲೂಕಿನ ಮರ್ಕುಲಿಯಲ್ಲಿ ವೀರಬಲ್ಲಾಳನ ಮಂತ್ರಿ ಬೂಚಿಮಯ್ಯ 1173ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇದೆ. ಆದರೆ ಬಸದಿ ಇದ್ದು, ಅಥವಾ ಕೇವಲ ನಿಷಿಧಿಗಲ್ಲು ಉಳಿದು, ಜೈನರ ಒಂದು ಮನೆಯೂ ಇಲ್ಲದ ಊರುಗಳು ಈ ಜಿಲ್ಲೆಯಲ್ಲಿವೆ. ಕಲ್ಲು ಉಳಿದ ಕಡೆಯೆಲ್ಲ ಸಮಾಜ ಉಳಿದಿಲ್ಲ. ತಾಲ್ಲೂಕು ಊರುಗಳ ಹಿರಿಯರು ಸಂಘ ಬೇಕು ಎಂದು ಪಟ್ಟು ಹಿಡಿಯುವುದರ ಹಿಂದೆ ಈ ಅಂಜಿಕೆಯೂ ಇದೆ.

ಇಂದಿನ ದಿನಗಳಲ್ಲಿ ಸಂಘದ ಅಗತ್ಯ ಮೊದಲು ತಿಳಿಯುವುದು ಸಾವಿನ ಮನೆಯಲ್ಲಿ. ಕಡಿಮೆ ಮನೆಗಳಿರುವ ಊರಿನಲ್ಲಿ ರಾತ್ರಿ ಒಬ್ಬರು ತೀರಿಕೊಂಡರೆ ಯಾರಿಗೆ ಫೋನ್ ಮಾಡಬೇಕು, ಪುರೋಹಿತರನ್ನು ಎಲ್ಲಿಂದ ಕರೆಸಬೇಕು, ಸಾಮಾನು ಯಾರು ತರಬೇಕು? ಒಂದು ಪಟ್ಟಿ, ಒಂದು ಫೋನ್ ನಂಬರ್ ಇದ್ದರೆ ಮನೆಯವರು ಅತ್ತು ಹಗುರವಾಗಲು ಬಿಡುವು ಸಿಗುತ್ತದೆ. ಎರಡನೆಯದು ಮುನಿಸಂಘಗಳ ವಿಹಾರ. ಬೆಳಗೊಳಕ್ಕೆ ಬರುವ, ಅಲ್ಲಿಂದ ಹೊರಡುವ ತ್ಯಾಗಿಗಳು ಕಾಲ್ನಡಿಗೆಯಲ್ಲಿ ಈ ಊರುಗಳ ಮೂಲಕ ಸಾಗುತ್ತಾರೆ. ತಂಗಲು ಜಾಗ, ಸೋಸಿ ಕಾಯಿಸಿದ ನೀರು, ಶುದ್ಧಿಯಿಂದ ಮಾಡಿದ ಆಹಾರ, ಮುಂದಿನ ಊರಿಗೆ ಜೊತೆಗೆ ನಡೆಯುವವರು, ಇವೆಲ್ಲ ಒಂದೇ ಮನೆಯಿಂದ ಆಗುವ ಕೆಲಸವಲ್ಲ. 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಂತಹ ಕಾಲದಲ್ಲಿ ಈ ಕೆಲಸ ಹತ್ತುಪಟ್ಟಾಗುತ್ತದೆ. ನೋಂಪಿ, ದಶಲಕ್ಷಣ ಪರ್ವ, ಮಹಾವೀರ ಜಯಂತಿಯ ಮೆರವಣಿಗೆ ಇವುಗಳ ಭಾರ ಹೆಚ್ಚಾಗಿ ಹೆಂಗಸರ ಮೇಲೆಯೇ ಬೀಳುತ್ತದೆ, ಸಮಿತಿಯ ಕುರ್ಚಿ ಮಾತ್ರ ಗಂಡಸರಿಗೆ. ಗಂಡು ಹೆಣ್ಣಿನ ಸಂಬಂಧ ನೋಡುವುದಂತೂ ಯಾವ ಬೈಲಾದಲ್ಲಿಯೂ ಬರೆಯದಿದ್ದರೂ ಎಲ್ಲ ಸಭೆಗಳಲ್ಲಿ ನಡೆಯುವ ಕಾರ್ಯಕ್ರಮ.

ಜೈನ್ ಮಿಲನ್ ಶಾಖೆಗಳ ಪದ್ಧತಿ ಸರಳ. ಸದಸ್ಯರು ಒಬ್ಬರನ್ನೊಬ್ಬರು ‘ವೀರ್’, ‘ವೀರಾಂಗನಾ’ ಎಂದು ಕರೆಯುತ್ತಾರೆ. ಅಂಗಡಿ ಇಟ್ಟವರು, ಮೇಷ್ಟ್ರು, ತೋಟದವರು ಎಲ್ಲರಿಗೂ ಒಂದೇ ಹೆಸರು. ಸಭೆ ಸದಸ್ಯರ ಮನೆಗಳಲ್ಲಿ ಸರದಿಯಂತೆ ನಡೆದರೆ, ಬಸದಿಯಲ್ಲಿ ಕೈಮುಗಿದು ಹೊರಟುಹೋಗುತ್ತಿದ್ದವರು ಒಬ್ಬರ ಮಕ್ಕಳನ್ನು ಇನ್ನೊಬ್ಬರು ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾಗುತ್ತಾರೆ.

ಸಂಘ ನೋಂದಣಿ ಮಾಡಿಸುವವರು ತಿಳಿದಿರಬೇಕಾದುದು: ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಉದ್ದೇಶಗಳ ಪತ್ರ ಮತ್ತು ಬೈಲಾ ಕೊಡಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಲೆಕ್ಕಪರಿಶೋಧನೆಯಾದ ಜಮಾ-ಖರ್ಚು ಮತ್ತು ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಲ್ಲಿ ನೋಂದಾಯಿಸಿ ಎರಡನೆಯ ವರ್ಷಕ್ಕೆ ಮರೆಯುವುದೇ ಹೆಚ್ಚು. ನಿವೇಶನ ಅಥವಾ ಅನುದಾನದ ಅರ್ಜಿ ಹಾಕಲು ಹೋದಾಗ ಬಾಕಿ ವರ್ಷಗಳ ದಂಡ ಎದುರಾಗುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದೂ ಸಂಘಗಳ ಕೆಲಸಗಳಲ್ಲಿ ಸೇರಿದೆ.

ಸಂಘಗಳು ಸಾಯುವುದು ಸಾಮಾನ್ಯವಾಗಿ ತತ್ತ್ವದ ಭೇದದಿಂದಲ್ಲ, ರಸೀದಿ ಪುಸ್ತಕದಿಂದ. ಲೆಕ್ಕ ಕೇಳಿದರೆ ಅನುಮಾನಪಟ್ಟಂತೆ ಎಂದು ಮುನಿಸಿಕೊಳ್ಳುವವರು ಖಜಾಂಚಿಯಾಗಬಾರದು. ಅಂಗಡಿಯಲ್ಲಿ ಸಂಜೆ ಗಲ್ಲಾ ಎಣಿಸುವುದಕ್ಕೆ ಯಾರೂ ಬೇಸರಪಡುವುದಿಲ್ಲ. ಹೋದ ವರ್ಷದ ಜಮಾ-ಖರ್ಚನ್ನು ಬಸದಿಯ ಗೋಡೆಗೆ ಅಂಟಿಸಿದ ಊರುಗಳಲ್ಲಿ ಈ ವರ್ಷ ವಂತಿಗೆ ಎತ್ತುವುದು ಸುಲಭ.

ಈಗ ಎದುರಿರುವ ಕಷ್ಟ ಬೇರೆ. ಓದಿದ ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಇದ್ದಾರೆ, ಅಷ್ಟಾಹ್ನಿಕದ ಬೆಳಗಿನ ಅಭಿಷೇಕಕ್ಕೆ ಕೊಡ ಹೊರಲು ಇರುವವರು ಅರವತ್ತು ದಾಟಿದವರು. ಕೆಲವೆಡೆ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಬಸದಿಯ ವಾರ್ಷಿಕೋತ್ಸವವನ್ನು ಭಾನುವಾರಕ್ಕೆ ಹೊಂದಿಸಿ, ಊರು ಬಿಟ್ಟವರಿಗೆ ಆರು ತಿಂಗಳು ಮೊದಲೇ ತಿಳಿಸಿ, ಪ್ರತಿ ಮನೆಗೂ ಒಂದೊಂದು ಕೆಲಸದ ಹೆಸರು ಬರೆದು ಕಳುಹಿಸುತ್ತಾರೆ: ನೀರು, ಹೂವು, ಬಡಿಸುವುದು, ಚಪ್ಪಲಿ ಕಾಯುವುದು. ಕೇವಲ ಆಮಂತ್ರಣ ಹೋದವರಿಗಿಂತ ಕೆಲಸದ ಚೀಟಿ ಹೋದವರು ಹೆಚ್ಚು ಮಂದಿ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ.